ಎಂಟರ್ ಒತ್ತುವ ಮುನ್ನ

ಭೌತವಿಜ್ಞಾನವನ್ನು ಕಲಿಸುವವನಿಗೆ ದೊರೆತಿರುವ ಒಂದು ಸೌಕರ್ಯವು ಗಣಕವಿಜ್ಞಾನವನ್ನು ಕಲಿಸುವವನಿಗೆ ದೊರೆತಿಲ್ಲ. ಲೋಲಕವನ್ನಾಗಲಿ ಪಟ್ಟಕವನ್ನಾಗಲಿ ಶ್ರುತಿಕವೆಯನ್ನಾಗಲಿ ಮೊದಲನೆಯವನು ಕೈಯಲ್ಲಿ ಹಿಡಿದು ತಂದು ಮೇಜಿನ ಮೇಲಿರಿಸಿ, ತಾನು ಹೇಳಲಿರುವ ನಿಯಮವು ಪುಸ್ತಕದಲ್ಲಿ ಮಾತ್ರವಲ್ಲದೆ ಲೋಕದಲ್ಲಿಯೂ ನಡೆಯುತ್ತಲಿರುವುದನ್ನು ಇಡಿಯ ತರಗತಿಗೆ ಏಕಕಾಲದಲ್ಲಿ ಕಾಣಿಸಬಲ್ಲನು. ಪುಸ್ತಕಗಳು ಕಾರ್ಯಾಚರಣ ವ್ಯವಸ್ಥೆಯೆಂದೂ ವಿದ್ಯಾರ್ಥಿಗಳು ಆಪರೇಟಿಂಗ್ ಸಿಸ್ಟಮ್ ಎಂದೂ ಕರೆಯುವ ವಸ್ತುವನ್ನು ಹಾಗೆ ಮೇಜಿನ ಮೇಲಿರಿಸಲು ಬರುವುದಿಲ್ಲ. ತನ್ನನ್ನು ಯಾರೂ ಗಮನಿಸದಂತೆ ಕೆಲಸಮಾಡುವುದೇ ಅದರ ಧರ್ಮ. ಪ್ರಾಸೆಸರ್ ಎಂಬ ಒಂದೇ ಸಂಸ್ಕಾರಕವನ್ನು ಅನೇಕ ಕಾರ್ಯಗಳಿಗೆ ಕ್ಷಣಕ್ಷಣವೂ ಹಂಚಿಕೊಡುತ್ತ, ಯಂತ್ರವೆಲ್ಲವೂ ತನಗೊಂದಕ್ಕೇ ಮೀಸಲಾಗಿದೆಯೆಂಬ ಭ್ರಾಂತಿಯನ್ನು ಪ್ರತಿಯೊಂದು ಕಾರ್ಯದಲ್ಲಿಯೂ ಉಂಟುಮಾಡುವುದರಲ್ಲಿಯೇ ಅದರ ಸಾರ್ಥಕ್ಯವಿರುವುದು. ಇಂತಹ ಅಗೋಚರ ವಸ್ತುವನ್ನು ಹತ್ತೊಂಬತ್ತು ಇಪ್ಪತ್ತರ ವಯಸ್ಸಿನ ತರುಣ ತರುಣಿಯರಿಗೆ ಗೋಚರಿಸುವಂತೆ ಮಾಡುವ ಬಗೆ ಹೇಗೆಂಬ ಚಿಂತೆಯಲ್ಲಿ ನನ್ನ ಅಧ್ಯಾಪಕಜೀವನದ ಉತ್ತರಾರ್ಧವು ಕಳೆಯಿತು. ಅದಕ್ಕೆ ದೊರೆತ ಉಪಾಯವು ಮಾತ್ರ ಪೂರ್ವಾರ್ಧದಿಂದಲೇ ಬಂದದ್ದು.

ಎಪ್ಪತ್ತರ ದಶಕದ ಮೊದಲಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತವಿಜ್ಞಾನದ ಸ್ನಾತಕೋತ್ತರ ವ್ಯಾಸಂಗವನ್ನು ಮುಗಿಸಿಕೊಂಡು, ಮಲೆನಾಡಿನ ಒಂದು ಕಾಲೇಜಿನಲ್ಲಿ ನಾನು ಉಪನ್ಯಾಸಕನಾಗಿ ಸೇರಿದೆನು. ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯದಂತೆ ಅವನ್ನು ದೀಪವುರಿಯುವ ಪೆಟ್ಟಿಗೆಯೊಳಗಿಟ್ಟು ಕಾಪಾಡಬೇಕಾಗಿದ್ದ ಊರು ಅದು. ವಿಭಾಗದ ಹಿರಿಯ ಪ್ರಾಧ್ಯಾಪಕರು ಮಿತಭಾಷಿಗಳು. ಹೊಸಬರಾದ ನಾವು ಬಿಡುವಿನ ವೇಳೆಯಲ್ಲಿ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಪದ್ಧತಿಯಿದ್ದಿತು. ಒಂದು ದಿನ ಅವರು ಹಲಗೆಯೊಂದಕ್ಕೆ 40 ವಾಟಿನ ಬಲ್ಬೊಂದನ್ನೂ 100 ವಾಟಿನ ಬಲ್ಬೊಂದನ್ನೂ ಸರಣಿಯಲ್ಲಿ ಜೋಡಿಸಿಕೊಂಡು ತಂದರು. ಸ್ವಿಚ್ಚನ್ನು ಮುಟ್ಟದೆ, ಯಾವ ಬಲ್ಬು ಹೆಚ್ಚು ಪ್ರಕಾಶವಾಗಿ ಉರಿಯುವುದೆಂಬುದನ್ನೂ ಏಕೆ ಹಾಗೆಂಬುದನ್ನೂ ಒಂದೊಂದು ಚೀಟಿಯಲ್ಲಿ ಬರೆಯಿರೆಂದು ಹುಡುಗರಿಗೆ ಹೇಳಿ, ಚೀಟಿಗಳೆಲ್ಲವೂ ಮೇಜಿನ ಮೇಲೆ ಬಂದು ಸೇರುವವರೆಗೂ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದರು. ಬಹುತೇಕ ಎಲ್ಲರೂ 100 ವಾಟಿನದೆಂದೇ ಬರೆದಿದ್ದರು. ಸ್ವಿಚ್ಚನ್ನು ಒತ್ತಿದಾಗ 40 ವಾಟಿನದು ಬೆಳಗಿತು. ಇನ್ನೊಂದರ ತಂತು ಕೆಂಡದಂತೆ ಮಂಕಾಗಿ ಕಾಣಿಸಿತು. 230 ವೋಲ್ಟಿಗೆಂದು ರಚಿತವಾದ 40 ವಾಟ್ ಬಲ್ಬಿನ ರೋಧವು ಸುಮಾರು 1300 ಓಮ್, 100 ವಾಟಿನದರ ರೋಧವು ಸುಮಾರು 530 ಓಮ್. ಸರಣಿಯಲ್ಲಿ ಎರಡರ ಮೂಲಕವೂ ಹರಿಯುವ ವಿದ್ಯುತ್ತು ಒಂದೇ ಆದುದರಿಂದ, ಹೆಚ್ಚು ರೋಧವುಳ್ಳದ್ದರಲ್ಲಿಯೇ ಹೆಚ್ಚು ಶಕ್ತಿಯು ವ್ಯಯವಾಗುವುದು. ಈ ಲೆಕ್ಕವನ್ನು ಆ ಹುಡುಗರು ಹಿಂದಿನ ವರ್ಷವೇ ಪರೀಕ್ಷೆಯಲ್ಲಿ ಮಾಡಿ ಅಂಕಗಳನ್ನೂ ಪಡೆದಿದ್ದರು. ಆದರೆ ಆ ಲೆಕ್ಕಕ್ಕೂ ತಮ್ಮ ಮನೆಯ ದೀಪಕ್ಕೂ ಇರುವ ಸಂಬಂಧವು ಅವರಿಗೆ ಹೊಳೆದದ್ದು ಆ ದಿನ, ಅದೂ ತಮ್ಮ ಕೈಬರಹದ ಚೀಟಿಯು ಮೇಜಿನ ಮೇಲೆ ಬಿದ್ದಿದ್ದ ಕಾರಣದಿಂದ.

ಆ ಕ್ರಮದ ಬೆಲೆಯನ್ನು ಅಳೆದು ನೋಡಿದವರು ಬಹುಕಾಲದ ಮೇಲೆ ಬಂದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿ ಎರಿಕ್ ಮಜೂರ್ ಅವರೂ ಅವರ ಸಹೋದ್ಯೋಗಿಗಳೂ 2004ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ತರಗತಿಯ ಪ್ರಯೋಗವನ್ನು ಸುಮ್ಮನೆ ನೋಡಿದ ವಿದ್ಯಾರ್ಥಿಗಳ ತಿಳಿವಳಿಕೆಯು ಅದನ್ನು ನೋಡದೆಯೇ ಇದ್ದವರದಕ್ಕಿಂತ ಹೆಚ್ಚೇನೂ ಇರಲಿಲ್ಲವೆಂದೂ, ನೋಡುವ ಮುನ್ನ ಫಲಿತಾಂಶವನ್ನು ಊಹಿಸಿ ಹೇಳಿದವರದು ಸ್ಪಷ್ಟವಾಗಿ ಮೇಲಾಗಿದ್ದಿತೆಂದೂ ತೋರಿಸಿದ್ದಾರೆ. ಅದನ್ನು ಓದುವ ಹೊತ್ತಿಗೆ ನಮ್ಮ ಪ್ರಾಧ್ಯಾಪಕರು ಗತಿಸಿ ಅನೇಕ ವರ್ಷಗಳಾಗಿದ್ದುವು. ಮಲೆನಾಡಿನ ಆ ಕೊಠಡಿಯಲ್ಲಿ ಅವರು ತಮ್ಮ ಅನುಭವದಿಂದಲೇ ಕಂಡುಕೊಂಡಿದ್ದ ಮಾತು ಅದು. ಅವರ ಕೈಗೆ ಆ ಲೇಖನವನ್ನು ಕೊಡಲಾಗಲಿಲ್ಲವೆಂಬ ವ್ಯಥೆಯು ನನಗೆ ಇಂದಿಗೂ ಉಂಟು.

ಎಂಬತ್ತರ ದಶಕದ ನಡುಭಾಗದಲ್ಲಿ ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಕಂಪ್ಯೂಟರ್ ವಿಭಾಗಗಳನ್ನು ಒಂದರ ಹಿಂದೊಂದು ತೆರೆಯಲಾರಂಭಿಸಿದುವು. ಆ ವಿಷಯದಲ್ಲಿ ಪದವಿ ಪಡೆದ ಅಧ್ಯಾಪಕರು ಆಗ ಸುಲಭವಾಗಿ ದೊರೆಯುತ್ತಿರಲಿಲ್ಲವಾದ ಕಾರಣ ಗಣಿತದವರೂ ಭೌತವಿಜ್ಞಾನದವರೂ ಎಲೆಕ್ಟ್ರಾನಿಕ್ಸ್‌ನವರೂ ಬೇಸಗೆಯ ತರಬೇತಿಗಳಿಗೆ ಹೋಗಿ ಬಂದು ಪಾಠವನ್ನು ಆರಂಭಿಸಿದರು, ನಾನೂ ಅವರಲ್ಲೊಬ್ಬನು. ಅಂದಿನ ಗಣಕ ಪ್ರಯೋಗಶಾಲೆಗೆ ಚಪ್ಪಲಿಗಳನ್ನು ಹೊರಗೆ ಬಿಟ್ಟು ಪ್ರವೇಶಿಸಬೇಕಾಗಿದ್ದಿತು. ತಂಪಾದ ಕೊಠಡಿಯಲ್ಲಿ ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ನಡೆಯುವ ಯಂತ್ರವೊಂದು, ಅದಕ್ಕೆ ತಂತಿಗಳಿಂದ ಜೋಡಿಸಿದ, ಹಸಿರು ಅಕ್ಷರಗಳ ಕೆಲವು ಟರ್ಮಿನಲ್‌ಗಳು. ಇಷ್ಟೇ ಅದರ ಐಶ್ವರ್ಯ. ಎಲ್ಲರೂ ಒಟ್ಟಿಗೆ ಕಂಪೈಲ್ ಮಾಡಲು ತೊಡಗಿದರೆ ಯಂತ್ರವು ತತ್ತರಿಸುತ್ತಿದ್ದಿತು. ಯಾವಾಗಲೂ ಮರೆಯಲ್ಲಿರುವ ಆಪರೇಟಿಂಗ್ ಸಿಸ್ಟಮ್ಮು ತನ್ನ ಇರವನ್ನು ತಾನೇ ತೋರಿಸಿಕೊಳ್ಳುತ್ತಿದ್ದ ಸಂದರ್ಭ ಅದೊಂದೇ ಎನ್ನಬೇಕು, ಮತ್ತು ಅದು ನನಗೆ ಒದಗಿಬಂದ ಮೊದಲನೆಯ ಉಪಕರಣ. ಯೂನಿಕ್ಸ್‌ನಲ್ಲಿ ಟೈಮ್ ಎಂಬ ಆಜ್ಞೆಯೊಂದುಂಟು. ಒಂದು ಕಾರ್ಯಕ್ಕೆ ಗಡಿಯಾರದ ಲೆಕ್ಕದಲ್ಲಿ ಎಷ್ಟು ಹೊತ್ತಾಯಿತು, ಸಂಸ್ಕಾರಕದ ಲೆಕ್ಕದಲ್ಲಿ ಎಷ್ಟು ಹೊತ್ತಾಯಿತು ಎಂಬುದನ್ನು ಅದು ಬೇರೆ ಬೇರೆಯಾಗಿ ತೋರಿಸುತ್ತದೆ. ಒಬ್ಬನೇ ನಡೆಸಿದಾಗ ಬಂದ ಅಂಕಿಗಳನ್ನು ಬರೆದುಕೊಳ್ಳಿರಿ, ಎಂಟು ಜನರು ಒಟ್ಟಿಗೆ ನಡೆಸಿದರೆ ಏನು ಬರುವುದೆಂಬುದನ್ನು ಎಂಟರ್ ಒತ್ತುವ ಮುನ್ನ ಬರೆದಿಡಿರಿ ಎಂದೆನು. ಎರಡೂ ಕಾಲಗಳು ಎಂಟು ಮಡಿಯಾಗುವುವೆಂದೇ ಅವರು ಬರೆದರು. ಗಡಿಯಾರದ ಕಾಲವು ಬೆಳೆದದ್ದು ನಿಜ. ಸಂಸ್ಕಾರಕದ ಕಾಲವು ಮಾತ್ರ ಹೆಚ್ಚು ಕಡಮೆ ಇದ್ದಷ್ಟೇ ಇದ್ದಿತು. ಪ್ರತಿಯೊಂದು ಕಾರ್ಯವೂ ಮಾಡಿದ ದುಡಿಮೆ ಅಷ್ಟೇ, ಉಳಿದದ್ದೆಲ್ಲವೂ ಸರದಿಗಾಗಿ ಕಾದದ್ದು ಎಂಬುದನ್ನು ಹುಡುಗರು ತಾವಾಗಿಯೇ ಹೇಳಿದಾಗ, ಆ ಸರದಿಯನ್ನು ನಿರ್ಧರಿಸುವ ಷೆಡ್ಯೂಲರ್ ಎಂಬುದರ ಪಾಠಕ್ಕೆ ನಾನು ಬೇರೆ ಪೀಠಿಕೆಯನ್ನು ಹಾಕಬೇಕಾಗಲಿಲ್ಲ.

ಆದರೆ ತರಗತಿಯೆಂಬುದು ಪರೀಕ್ಷೆಯ ಕಡೆಗೆ ಮುಖಮಾಡಿ ಕುಳಿತಿರುವಂಥದು. ಡೆಡ್‌ಲಾಕ್ ಎಂಬ ಸ್ತಂಭನಸ್ಥಿತಿ ಉಂಟಾಗಲು ಬೇಕಾದ ನಾಲ್ಕು ನಿಬಂಧನೆಗಳನ್ನು ಕಾಫ್‌ಮನ್ ಮೊದಲಾದವರು 1971ರಲ್ಲಿ ನಿರೂಪಿಸಿದರಷ್ಟೆ; ಅವನ್ನು ಅನುಕ್ರಮವಾಗಿ ಬರೆಯಿರೆಂಬ ಪ್ರಶ್ನೆಯು ವರ್ಷವರ್ಷವೂ ಬರುತ್ತಿದ್ದಿತು, ವಿದ್ಯಾರ್ಥಿಗಳು ಅದಕ್ಕೆ ಅಕ್ಷರಲೋಪವಿಲ್ಲದೆ ಉತ್ತರಿಸುತ್ತಿದ್ದರು. ಅದೇ ವಿದ್ಯಾರ್ಥಿಗಳ ಮುಂದೆ ಎರಡು ಬೀಗಗಳನ್ನು ವಿರುದ್ಧ ಕ್ರಮದಲ್ಲಿ ಹಿಡಿಯುವ ಎರಡು ಸಣ್ಣ ಪ್ರೋಗ್ರಾಮುಗಳನ್ನಿಟ್ಟು, ಇವನ್ನು ಒಟ್ಟಿಗೆ ನಡೆಸಿದರೆ ಏನಾದೀತು ಎಂದು ಕೇಳಿದರೆ, ತಾವು ಬಾಯಿಪಾಠ ಮಾಡಿದ ನಾಲ್ಕು ವಾಕ್ಯಗಳಿಗೂ ಎದುರಿಗಿರುವ ಹತ್ತು ಸಾಲುಗಳಿಗೂ ಸಂಬಂಧವಿರುವುದನ್ನು ಗುರುತಿಸುವವರು ವಿರಳರಾಗಿದ್ದರು. ಅವರು ಬುದ್ಧಿಹೀನರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಮುಂದೇನಾದೀತೆಂದು ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ನೋಟ್ಸ್ ಬರೆಸುವುದನ್ನು ನಾನು ಕ್ರಮಕ್ರಮವಾಗಿ ಕಡಮೆಮಾಡಿದೆನು.

ಈ ಕ್ರಮದಿಂದ ನನಗೆ ಅತ್ಯಂತ ಸಂತೋಷವನ್ನು ಕೊಟ್ಟ ಪಾಠವು ಯಂತ್ರವೇ ಬೇಕಿಲ್ಲದ ಪಾಠ. ಯಂತ್ರದ ಮೆಮೊರಿ ಚಿಕ್ಕದು, ಪ್ರೋಗ್ರಾಮುಗಳು ದೊಡ್ಡವು. ಆದುದರಿಂದ ಪ್ರೋಗ್ರಾಮನ್ನು ಸಮಾನ ಗಾತ್ರದ ಪುಟಗಳಾಗಿ ಒಡೆದು, ಬೇಕಾದ ಪುಟವನ್ನು ಬೇಕಾದಾಗ ಡಿಸ್ಕಿನಿಂದ ತಂದು ಮೆಮೊರಿಯ ಚೌಕಟ್ಟುಗಳಲ್ಲಿ ತುಂಬುವುದು ವಾಡಿಕೆ. ಚೌಕಟ್ಟುಗಳೆಲ್ಲವೂ ತುಂಬಿದ್ದರೆ ಒಂದನ್ನು ಹೊರಹಾಕಬೇಕು. ಮೊದಲು ಬಂದದ್ದನ್ನು ಮೊದಲು ಹೊರಹಾಕುವುದು ಎಲ್ಲಕ್ಕಿಂತ ಸರಳವಾದ ನೀತಿ. ಕರಿಹಲಗೆಯ ಮೇಲೆ ನಾನು 1, 2, 3, 4, 1, 2, 5, 1, 2, 3, 4, 5 ಎಂದು ಹನ್ನೆರಡು ಅಂಕಿಗಳನ್ನು ಬರೆದು, ಪುಟಗಳು ಈ ಕ್ರಮದಲ್ಲಿ ಬೇಕಾಗುತ್ತವೆಂದು ಹೇಳಿ, ಮೂರು ಚೌಕಟ್ಟುಗಳಿದ್ದರೆ ಎಷ್ಟು ಸಲ ಡಿಸ್ಕಿಗೆ ಹೋಗಬೇಕಾಗುವುದೆಂಬುದನ್ನು ಕಾಗದದ ಚೂರುಗಳನ್ನು ಬೆಂಚಿನ ಮೇಲೆ ಸರಿಸುತ್ತ ಎಣಿಸಿರೆಂದು ಹೇಳುತ್ತಿದ್ದೆನು. ಒಂಬತ್ತು ಸಲ ಎಂಬ ಉತ್ತರವು ಬೇಗನೆ ಬರುತ್ತಿದ್ದಿತು. ಆಮೇಲೆ, ಕಾಲೇಜು ಉದಾರವಾಗಿ ಇನ್ನೊಂದು ಚೌಕಟ್ಟನ್ನು ಕೊಂಡುಕೊಟ್ಟಿತೆಂದು ಭಾವಿಸಿರಿ, ನಾಲ್ಕು ಚೌಕಟ್ಟುಗಳಿದ್ದರೆ ಎಷ್ಟಾದೀತು, ಚೂರುಗಳನ್ನು ಮುಟ್ಟದೆ ಬರೆಯಿರಿ ಎನ್ನುತ್ತಿದ್ದೆನು. ಎಂಟು ಎಂದವರುಂಟು, ಏಳು ಎಂದವರುಂಟು, ಒಂಬತ್ತೇ ಎಂದ ಸಂಶಯಸ್ವಭಾವದವರೂ ಉಂಟು. ಎಣಿಸಿದಾಗ ಹತ್ತು ಬರುತ್ತಿದ್ದಿತು. ಮೊದಲ ಸಲ ಎಣಿಸಿದವರು ತಪ್ಪಿತೆಂದು ಮತ್ತೆ ಎಣಿಸುವರು. ಪಕ್ಕದ ಬೆಂಚಿನವರನ್ನು ಕೇಳುವರು. ಅಲ್ಲಿಯೂ ಹತ್ತೇ ಇರುವುದನ್ನು ಕಂಡು ಇಡಿಯ ತರಗತಿಯು ಒಂದೇ ಸಲಕ್ಕೆ ಮಾತನಾಡಲು ತೊಡಗುವುದು. ಅಂತಹ ಗದ್ದಲವನ್ನು ನಿಲ್ಲಿಸುವ ಅಧ್ಯಾಪಕನು ತನಗೆ ಬಂದ ಫಲವನ್ನು ತಾನೇ ಒದೆದಂತೆ ಎಂದು ನನ್ನ ನಂಬಿಕೆ.

ಮೆಮೊರಿಯನ್ನು ಹೆಚ್ಚಿಸಿದರೆ ಕೆಲಸವು ಕೆಡಬಹುದೆಂಬ ಈ ವೈಚಿತ್ರ್ಯವನ್ನು ಐಬಿಎಂ ಸಂಸ್ಥೆಯ ಲಾಸ್ಲೋ ಬೆಲಾಡಿಯೂ ಅವರ ಇಬ್ಬರು ಸಹೋದ್ಯೋಗಿಗಳೂ 1969ರಲ್ಲಿ ಪ್ರಕಟಪಡಿಸಿದರು. ಪುಸ್ತಕದಲ್ಲಿ ಇದು ಅರ್ಧ ಪುಟದ ವಿಷಯ. ಅದನ್ನು ಓದಿ ಒಪ್ಪಿಕೊಂಡು ಮುಂದೆ ಹೋಗುವವನಿಗೆ ಅದು ಒಂದು ಸಂಗತಿ ಮಾತ್ರ; ಎಂಟು ಎಂದು ಬರೆದು ಹತ್ತನ್ನು ಎಣಿಸಿದವನಿಗೆ ಅದೊಂದು ಬಿಡಿಸಲೇಬೇಕಾದ ಒಗಟು. ಒಬ್ಬ ಹುಡುಗನು, ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತಿರುತ್ತಿದ್ದವನು, ಗಂಟೆ ಹೊಡೆದ ಮೇಲೂ ಹಲಗೆಯ ಬಳಿ ನಿಂತು ಎರಡು ಪಟ್ಟಿಗಳನ್ನೂ ಅಂಕಿಯಿಂದ ಅಂಕಿಗೆ ಹೋಲಿಸಿ ನೋಡುತ್ತಲಿದ್ದು, “ಸಾರ್, ಮೂರರಲ್ಲಿ ಇರೋ ಪುಟಗಳು ನಾಲ್ಕರಲ್ಲೂ ಇರಲೇಬೇಕು ಅಂತ ನಾವೇ ಅಂದ್ಕೊಂಡ್ವಿ, ಇಲ್ಲಿ ನೋಡಿ, ಇಲ್ಲ” ಎಂದನು. ಬೆಲಾಡಿಯ ವೈಚಿತ್ರ್ಯದ ಮರ್ಮವೆಲ್ಲವೂ ಆ ಮಾತಿನಲ್ಲಿ ಅಡಗಿದೆ. ಬಹುಕಾಲ ಬಳಸದ ಪುಟವನ್ನು ಹೊರಹಾಕುವ ನೀತಿಯಲ್ಲಿ, ಕಿರಿಯ ಮೆಮೊರಿಯಲ್ಲಿರುವ ಪುಟಗಳೆಲ್ಲವೂ ಹಿರಿಯ ಮೆಮೊರಿಯಲ್ಲಿ ಯಾವ ಕ್ಷಣದಲ್ಲಿಯೂ ಇದ್ದೇ ಇರುವುದರಿಂದ ಅಲ್ಲಿ ಇಂತಹ ವಿಪರೀತವು ಸಂಭವಿಸಲಾರದು. ಹುಡುಗನು ಮರುದಿನ ಅದನ್ನು ತಾನಾಗಿಯೇ ಬರೆದು ತಂದನು.

ಇನ್ನೊಂದು ಪ್ರಯೋಗವು ಯಂತ್ರಗಳಲ್ಲಿ ಲಿನಕ್ಸ್ ಬಂದ ಮೇಲಿನದು. ಒಂದೇ ಎಣಿಕೆಯ ಚಲಕವನ್ನು ಇಬ್ಬರು, ಎಂದರೆ ಒಂದೇ ಪ್ರೋಗ್ರಾಮಿನೊಳಗೆ ಜೊತೆಯಾಗಿ ನಡೆಯುವ ಎರಡು ತ್ರೆಡ್‌ಗಳು, ಒಂದೊಂದಾಗಿ ಹೆಚ್ಚಿಸುತ್ತ ಹೋಗುವ ಹತ್ತಿಪ್ಪತ್ತು ಸಾಲುಗಳ ಪ್ರೋಗ್ರಾಮ್. ಪ್ರತಿಯೊಂದು ತ್ರೆಡ್ಡೂ 100 ಸಲ ಹೆಚ್ಚಿಸಿದರೆ ಕೊನೆಯಲ್ಲಿ ಎಷ್ಟು? 200 ಎಂದು ಎಲ್ಲರೂ ಬರೆದರು, ಯಂತ್ರವೂ ಹಾಗೆಯೇ ಹೇಳಿತು. 10 ಲಕ್ಷ ಸಲವಾದರೆ? 20 ಲಕ್ಷ ಎಂದು ಬರೆದುಕೊಂಡು ಎಂಟರ್ ಒತ್ತಿದವರಿಗೆ ಅದಕ್ಕಿಂತ ಕಡಮೆಯಾದ ಒಂದು ಸಂಖ್ಯೆಯು ದೊರೆಯಿತು. ಮತ್ತೊಮ್ಮೆ ಒತ್ತಿದರೆ ಮತ್ತೊಂದು ಸಂಖ್ಯೆ. ಮಗುದೊಮ್ಮೆ ಒತ್ತಿದರೆ ಮಗುದೊಂದು. ಭೌತವಿಜ್ಞಾನದ ಪ್ರಯೋಗದಲ್ಲಿ ಅಳತೆಯು ಸಲಸಲಕ್ಕೂ ತುಸು ವ್ಯತ್ಯಾಸವಾಗುವುದನ್ನು ಒಪ್ಪಿಕೊಂಡ ಮಕ್ಕಳು ಕೂಡ ಗಣಕವು ಹೀಗೆ ಮಾಡುವುದನ್ನು ಒಪ್ಪಲಾರದೆ ಹೋದರು. “ಯಂತ್ರ ಕೆಟ್ಟಿದೆಯಾ ಸಾರ್?” ಎಂದು ಒಬ್ಬಳು ನಿಜವಾಗಿಯೂ ಕಳವಳದಿಂದ ಕೇಳಿದಳು. “ಏನಮ್ಮಾ, ನೂರಕ್ಕೆ ಸರಿಯಿದ್ದ ಯಂತ್ರ ಲಕ್ಷಕ್ಕೆ ಕೆಡುತ್ತದೆಯೆ? ಯೋಚಿಸಿ ನೋಡು” ಎಂದು ಮಾತ್ರ ಹೇಳಿ ಬಿಟ್ಟೆನು. ಒಂದನ್ನು ಹೆಚ್ಚಿಸುವುದೆಂಬುದು ನಮ್ಮ ಕಣ್ಣಿಗೆ ಒಂದು ಕ್ರಿಯೆ. ಯಂತ್ರಕ್ಕಾದರೋ ಅದು ಮೂರು ಕ್ರಿಯೆ: ಮೆಮೊರಿಯಿಂದ ಓದುವುದು, ಕೂಡುವುದು, ಹಿಂದಕ್ಕೆ ಬರೆಯುವುದು. ಕೂಡುಕುಟುಂಬದ ಇಬ್ಬರು ಸೋದರರು ಮನೆಯ ಖಾತೆಯ ಬಾಕಿಯನ್ನು ಒಂದೇ ಗಳಿಗೆಯಲ್ಲಿ ನೋಡಿಕೊಂಡು, ತಂತಮ್ಮ ಸಂಪಾದನೆಯನ್ನು ಅದಕ್ಕೆ ಮನಸ್ಸಿನಲ್ಲಿಯೇ ಕೂಡಿ, ಒಬ್ಬರ ಮೇಲೊಬ್ಬರು ಬರೆದರೆ ಒಬ್ಬನ ಸಂಪಾದನೆಯು ಲೆಕ್ಕದಿಂದ ಮಾಯವಾಗುವಂತೆ ಇಲ್ಲಿಯೂ ಆಗುವುದು. ನೂರು ಸಲದ ಕೆಲಸವು ಎರಡನೆಯ ತ್ರೆಡ್ಡು ಹುಟ್ಟುವುದರೊಳಗಾಗಿ ಮುಗಿದುಹೋಗುತ್ತಿದ್ದುದರಿಂದ ಆ ಘರ್ಷಣೆಗೆ ಅಲ್ಲಿ ಎಡೆಯಿರಲಿಲ್ಲ.

ಈ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ತೋರಿದ್ದು ಹತ್ತು ಲಕ್ಷದ ತಪ್ಪು ಉತ್ತರಕ್ಕಿಂತಲೂ ನೂರರ ಸರಿ ಉತ್ತರ. ದೋಷವು ಮೊದಲಿನಿಂದಲೂ ಅಲ್ಲಿಯೇ ಇದ್ದಿತು, ಪರೀಕ್ಷಿಸಿದಾಗ ಅಡಗಿಕೊಂಡಿದ್ದಿತು. ಈ ಮಾತನ್ನು ಹೇಳುವಾಗ ನಾನು ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾಯಂತ್ರದ ಕಥೆಯನ್ನು ತಪ್ಪದೆ ಹೇಳುತ್ತಿದ್ದೆನು. 1985ರಿಂದ 1987ರವರೆಗೆ ಅಮೆರಿಕದಲ್ಲಿಯೂ ಕೆನಡಾದಲ್ಲಿಯೂ ಆ ಯಂತ್ರವು ಆರು ಮಂದಿ ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣವನ್ನು ಕೊಟ್ಟಿತು. ಅವರಲ್ಲಿ ಕೆಲವರು ಅದರಿಂದಲೇ ಸತ್ತರು. ಟೆಕ್ಸಸ್ಸಿನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ 1986ರಲ್ಲಿ ಎರಡು ಅನಾಹುತಗಳಾದ ಮೇಲೆ, ಅಲ್ಲಿನ ಭೌತವಿಜ್ಞಾನಿಯು ಯಂತ್ರವನ್ನು ನಡೆಸುವವರೊಡನೆ ಕುಳಿತು ಆ ತಪ್ಪನ್ನು ಬೇಕೆಂದೇ ಮತ್ತೆ ಬರಿಸಿ ತೋರಿಸಿದನು. ಚಿಕಿತ್ಸೆಯ ವಿವರವನ್ನು ಟೈಪುಮಾಡಿ, ತಪ್ಪನ್ನು ಕಂಡು, ಅಯಸ್ಕಾಂತಗಳು ಸಜ್ಜಾಗಲು ಬೇಕಾದ ಸುಮಾರು 8 ಸೆಕೆಂಡುಗಳ ಒಳಗಾಗಿ ಅದನ್ನು ತಿದ್ದಿಬಿಟ್ಟರೆ ಯಂತ್ರವು ಆ ತಿದ್ದುಪಡಿಯನ್ನು ಅರ್ಧ ಮಾತ್ರ ಗ್ರಹಿಸುತ್ತಿದ್ದಿತು. ಹೊಸಬರು ನಿಧಾನವಾಗಿ ಟೈಪುಮಾಡುತ್ತಿದ್ದಾಗ ಯಾವ ಕೇಡೂ ಆಗಿರಲಿಲ್ಲ. ಕೈ ಪಳಗಿದ ಮೇಲೆ ಆಯಿತು. ಈ ಕಥೆಯನ್ನು ಕೇಳಿದ ತರಗತಿಯಲ್ಲಿ ಯಾರೂ ಮಾತನಾಡುತ್ತಿರಲಿಲ್ಲ. ಇವರಲ್ಲಿ ಎಷ್ಟೋ ಜನ ಮುಂದೆ ಬೆಂಗಳೂರಿನ ಕಂಪನಿಗಳಲ್ಲಿ ಆಸ್ಪತ್ರೆಯ ಉಪಕರಣಗಳಿಗೂ ವಾಹನಗಳಿಗೂ ಪ್ರೋಗ್ರಾಮುಗಳನ್ನು ಬರೆಯತಕ್ಕವರು. ಮನುಷ್ಯನ ದೇಹವನ್ನು ಮುಟ್ಟುವ ವಿದ್ಯೆಯನ್ನು ಕಲಿಸುತ್ತಿದ್ದೇನೆಂಬ ಭಯವು ನನಗೆ ಆ ಪಾಠದಲ್ಲಿ ಯಾವಾಗಲೂ ಇದ್ದಿತು.

ಬಿಡಿ ಪ್ರಯೋಗಗಳು ಎಷ್ಟಿದ್ದರೂ ಒಂದು ವ್ಯವಸ್ಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿದ ತೃಪ್ತಿಯು ಬೇರೆ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚ್ಚಿ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಆರಂಭಿಸಿದ ಯೂನಿಕ್ಸ್‌ನ ಆರನೆಯ ಆವೃತ್ತಿಯ ಹೃದಯಭಾಗವು ಸುಮಾರು 9000 ಸಾಲುಗಳಲ್ಲಿ ಅಡಗುವಷ್ಟು ಸಂಕ್ಷಿಪ್ತವಾಗಿದ್ದಿತು. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದ ಜಾನ್ ಲಯನ್ಸ್ ಎಂಬ ಅಧ್ಯಾಪಕರು 1976ರಲ್ಲಿ ಅದನ್ನು ಸಾಲುಸಾಲಾಗಿ ವಿವರಿಸುವ ವ್ಯಾಖ್ಯಾನವೊಂದನ್ನು ತಮ್ಮ ವಿದ್ಯಾರ್ಥಿಗಳಿಗಾಗಿ ಬರೆದರು. ಮೂಲಗ್ರಂಥವನ್ನಿಟ್ಟುಕೊಂಡು ಭಾಷ್ಯವನ್ನು ರಚಿಸುವ ಪದ್ಧತಿಗೆ ನಮ್ಮ ದೇಶದಲ್ಲಿ ದೀರ್ಘವಾದ ಪರಂಪರೆಯಿರುವುದರಿಂದಲೋ ಏನೋ, ತರಬೇತಿಯೊಂದರಲ್ಲಿ ಆ ಕೃತಿಯ ಪ್ರತಿಯ ಪ್ರತಿಯಾದ ಮಸುಕು ಜೆರಾಕ್ಸನ್ನು ಕಂಡಾಗ ನನಗೆ ಅದು ಪರಕೀಯವಾಗಿ ತೋರಲಿಲ್ಲ. 1979ರ ಏಳನೆಯ ಆವೃತ್ತಿಯ ಪರವಾನಗಿಯು ಮೂಲವನ್ನು ತರಗತಿಯಲ್ಲಿ ಬೋಧಿಸುವುದನ್ನು ನಿಷೇಧಿಸಿದ್ದರಿಂದ, ವ್ಯಾಖ್ಯಾನವು ಹೀಗೆ ಕೈಯಿಂದ ಕೈಗೆ ಸಂಚರಿಸಿ, 1996ರಲ್ಲಿ ಮಾತ್ರ ಪುಸ್ತಕರೂಪವಾಗಿ ಹೊರಬಂದಿತು. ಒಂದು ಪ್ರಕ್ರಿಯೆಯಿಂದ ಇನ್ನೊಂದಕ್ಕೆ ಸಂಸ್ಕಾರಕವನ್ನು ವರ್ಗಾಯಿಸುವ ಕಡೆಯಲ್ಲಿ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲವೆಂಬ ತಾತ್ಪರ್ಯದ ಟಿಪ್ಪಣಿಯೊಂದನ್ನು ಮೂಲದವರು ಬರೆದಿದ್ದರು. ಅದನ್ನು ಅಹಂಕಾರವೆಂದು ತಿಳಿದವರು ಬಹಳ ಮಂದಿ. ಪರೀಕ್ಷೆಯಲ್ಲಿ ಇದನ್ನು ಕೇಳುವುದಿಲ್ಲ ಎಂಬಂತಹ ಭಾವದಲ್ಲಿ ಬರೆದದ್ದು ಅದು ಎಂದು ರಿಚ್ಚಿಯೇ ಮುಂದೆ ವಿವರಿಸಿದ್ದಾರೆ.

ನಮಗೆ ಕಾನೂನಿನ ತೊಡಕಿಲ್ಲದೆ ಓದಲು ದೊರೆತದ್ದು ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಬೋಧನೆಗೆಂದೇ ರಚಿಸಿ 1987ರಲ್ಲಿ ಪುಸ್ತಕದೊಡನೆ ಕೊಟ್ಟ ಮಿನಿಕ್ಸ್. ಹಾರ್ಡ್ ಡಿಸ್ಕ್ ಇಲ್ಲದ ಪಿಸಿಯಲ್ಲಿಯೂ ಫ್ಲಾಪಿಯಿಂದಲೇ ಅದು ನಡೆಯುತ್ತಿದ್ದುದು ನಮ್ಮಂತಹ ಕಾಲೇಜಿಗೆ ದೊಡ್ಡ ಅನುಕೂಲ. ಶನಿವಾರದ ಮಧ್ಯಾಹ್ನ, ಬಸ್ಸು ಹಿಡಿಯುವ ಅವಸರವಿಲ್ಲದ ಹಾಸ್ಟೆಲಿನ ಕೆಲವು ವಿದ್ಯಾರ್ಥಿಗಳೂ ನಾನೂ ಸೇರಿ ಅದನ್ನು ಓದುತ್ತಿದ್ದೆವು. ಮಿನಿಕ್ಸ್‌ನ ಷೆಡ್ಯೂಲರಿನಲ್ಲಿ ಮೂರು ಸರದಿಸಾಲುಗಳು: ಮೊದಲನೆಯದು ಗಡಿಯಾರ, ಟರ್ಮಿನಲ್ ಮೊದಲಾದುವನ್ನು ನೋಡಿಕೊಳ್ಳುವ ಕಾರ್ಯಗಳದು, ಎರಡನೆಯದು ಕಡತವ್ಯವಸ್ಥೆಯಂತಹ ಸೇವಕರದು, ಕೊನೆಯದು ಬಳಕೆದಾರರದು. ಈ ಕ್ರಮವನ್ನು ತಲೆಕೆಳಗುಮಾಡಿ ಬಳಕೆದಾರನಿಗೆ ಅಗ್ರಸ್ಥಾನವನ್ನು ಕೊಟ್ಟರೆ ಏನಾದೀತೆಂದು ಕೇಳಿದೆನು. ನಮ್ಮ ಪ್ರೋಗ್ರಾಮುಗಳು ವೇಗವಾಗಿ ನಡೆಯುವುವು ಎಂದು ಬರೆದರು. ಬದಲಾಯಿಸಿ, ಕಂಪೈಲ್ ಮಾಡಿ, ಫ್ಲಾಪಿಯಿಂದ ಯಂತ್ರವನ್ನು ಎಬ್ಬಿಸಿ, ಕೊನೆಯಿಲ್ಲದೆ ಲೆಕ್ಕಮಾಡುವ ಒಂದು ಪ್ರೋಗ್ರಾಮನ್ನು ನಡೆಸಿದ ಕೂಡಲೆ, ಒತ್ತಿದ ಅಕ್ಷರವೂ ತೆರೆಯ ಮೇಲೆ ಮೂಡದೆ ಎಲ್ಲವೂ ನಿಂತುಹೋಯಿತು. ಅಕ್ಷರವನ್ನು ಮೂಡಿಸತಕ್ಕವರಿಗೂ ಸರದಿಯನ್ನು ಬದಲಾಯಿಸತಕ್ಕವರಿಗೂ ಸಂಸ್ಕಾರಕವೇ ದೊರೆಯದಿದ್ದಾಗ ಮತ್ತೇನಾಗಬೇಕು! ಮಿನಿಕ್ಸ್ ಹೀಗೆ ನಮ್ಮಲ್ಲಿ ಬೆಳೆಯುತ್ತಿದ್ದಂತೆಯೇ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಅದರ ಮೇಲೆಯೇ ಕೆಲಸಮಾಡುತ್ತ 1991ರಲ್ಲಿ ಲಿನಕ್ಸನ್ನು ಹೊರತಂದನು. ಅದು ನಮ್ಮ ಪ್ರಯೋಗಶಾಲೆಯನ್ನು ತಲಪಿದ್ದು ಕೆಲವು ವರ್ಷಗಳ ಮೇಲೆ, ಒಂದು ಮಾಸಪತ್ರಿಕೆಯೊಡನೆ ಬಂದ ಸಿಡಿಯ ಮೂಲಕ.

ಚೀಟಿಗಳ ವಿಷಯದಲ್ಲಿ ನಾನು ಒಂದು ಸ್ವಾತಂತ್ರ್ಯವನ್ನು ಕೊಟ್ಟಿದ್ದೆನು. ಊಹೆಯನ್ನು ಯಾವ ಭಾಷೆಯಲ್ಲಿ ಬೇಕಾದರೂ ಬರೆಯಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದ ಹುಡುಗರು ನಮ್ಮಲ್ಲಿ ಬಹಳ ಮಂದಿಯಿದ್ದರು. ಇಂಗ್ಲಿಷಿನಲ್ಲಿ ಉತ್ತರಿಸಬೇಕಾದಾಗ ಅವರು ಪುಸ್ತಕದ ವಾಕ್ಯವನ್ನೇ ಆಶ್ರಯಿಸುವರು, ಏಕೆಂದರೆ ಅದೊಂದೇ ಅವರಿಗೆ ನಿರಪಾಯವಾದದ್ದು. ಊಹೆಗೆ ಮಾತ್ರ ಪುಸ್ತಕದಲ್ಲಿ ವಾಕ್ಯವಿಲ್ಲವಷ್ಟೆ. ಫೋರ್ಕ್, ಪ್ರಾಸೆಸ್, ಬಫರ್ ಎಂಬ ಮಾತುಗಳನ್ನು ಹಾಗೆಯೇ ಇಟ್ಟುಕೊಂಡು, ಆದರೆ, ಏಕೆಂದರೆ, ಹಾಗಿದ್ದರೆ ಎಂಬುವನ್ನು ಕನ್ನಡದಲ್ಲಿ ಹೇಳತೊಡಗಿದಾಗ ಅವರ ತರ್ಕವು ತಾನಾಗಿ ನಡೆಯಿತು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ನಡೆಸಲು ಧೈರ್ಯಮಾಡಿದ ನಾಡಿನಲ್ಲಿ ಇದು ಅಚ್ಚರಿಯ ವಿಷಯವೇನೂ ಆಗಬಾರದು.

ಅಂತಹ ಒಬ್ಬ ವಿದ್ಯಾರ್ಥಿ ತಂದ ಪ್ರಶ್ನೆಯು ನನಗೆ ವಿಶೇಷವಾಗಿ ನೆನಪಿದೆ. ಫೋರ್ಕ್ ಎಂಬ ಕರೆಯು ನಡೆಯುತ್ತಿರುವ ಪ್ರಕ್ರಿಯೆಯ ತದ್ರೂಪವಾದ ಮತ್ತೊಂದನ್ನು ಸೃಷ್ಟಿಸುತ್ತದೆ. ಮೊದಲು ಒಂದು ಸಾಲನ್ನು ಮುದ್ರಿಸಿ, ಆಮೇಲೆ ಫೋರ್ಕ್ ಕರೆಯುವ ಪ್ರೋಗ್ರಾಮನ್ನು ಅವನು ಬರೆದು, ಸಾಲು ಒಂದೇ ಸಲ ಬರುವುದೆಂದು ಊಹಿಸಿದ್ದನು. ತೆರೆಯ ಮೇಲೆ ಹಾಗೆಯೇ ಬಂದಿತು. ಆದರೆ ಅದೇ ಪ್ರೋಗ್ರಾಮಿನ ಫಲಿತವನ್ನು ತೆರೆಗೆ ಬದಲಾಗಿ ಕಡತಕ್ಕೆ ತಿರುಗಿಸಿದಾಗ ಸಾಲು ಎರಡು ಸಲ ಇದ್ದಿತು. ಫೋರ್ಕಿಗೆ ಮೊದಲೇ ಮುಗಿದ ಕೆಲಸವು ಎರಡಾಗುವುದೆಂತು? ನಾನೂ ಅವನೊಡನೆ ಕುಳಿತೆನು. ಸಾಲಿನ ಮುಂದೊಂದು ಸಾಲನ್ನು ಸೇರಿಸಿದೆವು, ಅದೂ ಎರಡಾಯಿತು. ಮುದ್ರಿಸಿದೊಡನೆ ಬಫರನ್ನು ಬರಿದುಮಾಡುವ ಆಜ್ಞೆಯನ್ನು ಸೇರಿಸಿದೆವು, ಎರಡೂ ಒಂದೊಂದಾದುವು. ಕಡತಕ್ಕೆ ಬರೆಯುವಾಗ ಸಿ ಭಾಷೆಯ ಗ್ರಂಥಾಲಯವು ಅಕ್ಷರಗಳನ್ನು ಕೂಡಲೆ ಹೊರಗೆ ಕಳುಹಿಸದೆ ಪ್ರಕ್ರಿಯೆಯ ಸ್ವಂತ ಮೆಮೊರಿಯಲ್ಲಿ ಕೂಡಿಡುವುದು; ಫೋರ್ಕ್ ಆ ಮೆಮೊರಿಯನ್ನೂ, ಅದರಲ್ಲಿ ಕೂಡಿಟ್ಟ ಸಾಲನ್ನೂ ನಕಲುಮಾಡುವುದು; ಸಾಯುವಾಗ ತಾಯಿಯೂ ಮಗುವೂ ತಂತಮ್ಮ ಪ್ರತಿಯನ್ನು ಕಡತಕ್ಕೆ ಸುರಿಯುವುವು. ತೆರೆಗಾದರೆ ಸಾಲು ಮುಗಿದೊಡನೆಯೇ ಹೊರಹೋಗುವುದರಿಂದ ನಕಲಾಗಲು ಏನೂ ಉಳಿದಿರುವುದಿಲ್ಲ. ಗ್ರಂಥಾಲಯಕ್ಕೂ ಆಪರೇಟಿಂಗ್ ಸಿಸ್ಟಮ್ಮಿಗೂ ನಡುವಣ ಗಡಿಯೆಲ್ಲಿದೆಯೆಂಬುದನ್ನು ನಾನು ಎಷ್ಟೋ ಚಿತ್ರಗಳನ್ನು ಬರೆದು ತೋರಿಸಿದ್ದೆನು. ಅವನಿಗೆ ಅದು ಆ ಸಂಜೆ ಕೈಗೆ ಸಿಕ್ಕಿತು.

ಈ ಕ್ರಮವನ್ನು ಎಲ್ಲರೂ ಮೆಚ್ಚಿದರೆಂದು ಹೇಳಲಾರೆನು. ಪ್ರಾಕ್ಟಿಕಲ್‌ನ ರೆಕಾರ್ಡ್ ಬುಕ್ಕಿನಲ್ಲಿ ಎಡಪುಟವನ್ನು ಊಹೆಗೆಂದು ನಾನು ಮೀಸಲಿಟ್ಟು, ಅದನ್ನು ಶಾಯಿಯಲ್ಲಿ ಬರೆಯಬೇಕೆಂದೂ ಪ್ರಯೋಗವಾದ ಮೇಲೆ ಅದನ್ನು ಅಳಿಸಕೂಡದೆಂದೂ ನಿಯಮಮಾಡಿದ್ದೆನು. ಹೊರಗಿನಿಂದ ಬಂದ ಪರೀಕ್ಷಕರೊಬ್ಬರು, ಇಷ್ಟೊಂದು ತಪ್ಪು ಉತ್ತರಗಳಿರುವ ರೆಕಾರ್ಡುಗಳಿಗೆ ಸಹಿಹಾಕುವುದು ಹೇಗೆಂದು ಅಸಮಾಧಾನಪಟ್ಟರು. ಹಿಂದಿನ ವರ್ಷದವರಿಂದ ನಕಲುಮಾಡಿಕೊಂಡು, ಎಲ್ಲ ಪ್ರಯೋಗಗಳೂ ಮೊದಲ ಸಲಕ್ಕೇ ನಿರ್ದೋಷವಾಗಿ ಫಲಿಸಿದಂತೆ ಬರೆದ ಅಂದವಾದ ಪುಸ್ತಕಗಳಿಗೆ ಸಹಿಹಾಕುವುದು ಅವರಿಗೆ ರೂಢಿಯಾಗಿದ್ದಿತು. ಎಡಪುಟಕ್ಕೆ ಅಂಕಗಳಿಲ್ಲ, ಅದು ಸರಿಯಾಗಿದ್ದರೂ ಇಲ್ಲ ತಪ್ಪಾಗಿದ್ದರೂ ಇಲ್ಲ, ಎಡಕ್ಕೂ ಬಲಕ್ಕೂ ಇರುವ ಅಂತರದ ಕಾರಣವನ್ನು ವಿದ್ಯಾರ್ಥಿಯು ವೈವಾದಲ್ಲಿ ಹೇಳಬಲ್ಲನೇ ಎಂಬುದನ್ನು ಮಾತ್ರ ನೋಡಿರಿ ಎಂದು ಬಿನ್ನವಿಸಿಕೊಂಡೆನು. ಒಬ್ಬಿಬ್ಬರನ್ನು ಕೇಳಿದ ಮೇಲೆ ಅವರು ಸಹಿಹಾಕಿದರು. ಅಂಕದ ಭಯವಿದ್ದೆಡೆಯಲ್ಲಿ ಯಾರೂ ಪ್ರಾಮಾಣಿಕವಾಗಿ ಊಹಿಸುವುದಿಲ್ಲ. ಈ ಕ್ರಮವನ್ನು ಅನುಸರಿಸಬಯಸುವ ಕಿರಿಯ ಅಧ್ಯಾಪಕರಿಗೆ ನಾನು ಒತ್ತಿಹೇಳಬೇಕಾದದ್ದು ಇದೊಂದನ್ನೆ.

ನಿವೃತ್ತಿಗೆ ಹತ್ತಿರವಾದ ವರ್ಷಗಳಲ್ಲಿ ಪ್ರಯೋಗಶಾಲೆಗೆ ಎರಡು ಕೋರುಗಳ ಸಂಸ್ಕಾರಕಗಳು ಬಂದುವು. ಗ್ಯಾರಿ ಪೀಟರ್ಸನ್ 1981ರಲ್ಲಿ ಪ್ರಕಟಿಸಿದ ಒಂದು ಸುಂದರವಾದ ವಿಧಾನವುಂಟು. ಎರಡು ಪ್ರಕ್ರಿಯೆಗಳು ಏಕಕಾಲದಲ್ಲಿ ಒಂದೇ ವಸ್ತುವನ್ನು ಮುಟ್ಟದಂತೆ, ಎರಡು ಧ್ವಜಗಳೂ ಸರದಿಯ ಒಂದು ಚಲಕವೂ ಸಾಕೆಂಬುದನ್ನು ಅದು ತೋರಿಸುತ್ತದೆ. ಪಠ್ಯಪುಸ್ತಕಗಳಲ್ಲಿ ಅದರ ಸಾಧನೆಯಿದೆ, ಸಾಧನೆಯಲ್ಲಿ ಲೋಪವಿಲ್ಲ. ಎಣಿಕೆಯ ಹಳೆಯ ಪ್ರೋಗ್ರಾಮಿಗೆ ಅದನ್ನು ಅಳವಡಿಸಿ, 20 ಲಕ್ಷವೆಂದು ಎಲ್ಲರೂ ಎಡಪುಟದಲ್ಲಿ ಬರೆದು ಎಂಟರ್ ಒತ್ತಿದಾಗ, ಕೆಲವು ಎಣಿಕೆಗಳು ಮಾತ್ರ ಕಡಮೆಯಾದ ಸಂಖ್ಯೆಯೊಂದು ಬಂದಿತು. ಸಾಧನೆಯೇ ಸುಳ್ಳೇ ಎಂದು ಒಬ್ಬ ವಿದ್ಯಾರ್ಥಿನಿಯು ಕೇಳಿದಳು. ಬರೆದದ್ದು ಬರೆದ ಕ್ರಮದಲ್ಲಿಯೇ ಎಲ್ಲರಿಗೂ ಕಾಣಿಸುವುದೆಂದು ಆ ಸಾಧನೆಯು ಭಾವಿಸಿಕೊಂಡಿದೆ. ಇಂದಿನ ಸಂಸ್ಕಾರಕವಾದರೋ ತಾನು ಬರೆದದ್ದನ್ನು ಒಂದು ಸಣ್ಣ ಕೋಶದಲ್ಲಿ ಹಿಡಿದಿಟ್ಟುಕೊಂಡು, ಅದು ಹೊರಗೆ ಕಾಣಿಸುವ ಮುನ್ನವೇ ಮುಂದಿನ ಓದುವಿಕೆಯನ್ನು ಮುಗಿಸಿಬಿಡಬಹುದು. ಹೀಗೆ ಎರಡು ಕಡೆಯವರೂ ತಮ್ಮ ಧ್ವಜವನ್ನು ಏರಿಸಿಯೂ, ಎದುರಿನವನ ಧ್ವಜವು ಇಳಿದೇ ಇದೆಯೆಂದು ಕಂಡು, ಒಟ್ಟಿಗೆ ಒಳಹೊಕ್ಕುಬಿಡುವರು. ಇದನ್ನು ತಡೆಯಲೆಂದೇ ಸಂಸ್ಕಾರಕದಲ್ಲಿ ಒಂದು ತಡೆಯಾಜ್ಞೆಯಿದೆ. ಅದನ್ನು ಸೇರಿಸಿದಾಗ 20 ಲಕ್ಷವು ಪೂರ್ಣವಾಗಿ ಬಂದಿತು.

ಆ ವಿದ್ಯಾರ್ಥಿನಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ಮರುವಾರದ ತರಗತಿಯನ್ನು ತಾನು ತೆಗೆದುಕೊಳ್ಳಬಹುದೇ ಎಂದು ಕೇಳಿ, ಒಪ್ಪಿಗೆ ಪಡೆದು, ಹಲಗೆಯ ಮೇಲೆ ಎರಡು ಸಂಸ್ಕಾರಕಗಳನ್ನೂ ಅವುಗಳ ಕೋಶಗಳನ್ನೂ ಬರೆದು, ತಡೆಯಾಜ್ಞೆಯನ್ನು ಒಂದು ತ್ರೆಡ್ಡಿನಲ್ಲಿ ಮಾತ್ರ ಇಟ್ಟರೆ ಸಾಕೇ ಎಂಬ ಪ್ರಶ್ನೆಯನ್ನು ತನ್ನ ಸಹಪಾಠಿಗಳ ಮುಂದಿಟ್ಟಳು. ಎಲ್ಲರೂ ಬರೆದು ಮುಗಿಸುವವರೆಗೂ ಉತ್ತರವನ್ನು ಹೇಳಲಿಲ್ಲ. ಸಾಕು ಎಂದವರೂ ಸಾಲದು ಎಂದವರೂ ಹೆಚ್ಚು ಕಡಮೆ ಸಮನಾಗಿದ್ದರು. ನಡೆಸಿ ನೋಡಿದಾಗ ಎಣಿಕೆಯು ಮತ್ತೆ ಕಡಮೆ ಬಂದಿತು. ತಡೆಯಿಲ್ಲದ ಕಡೆಯವನು ಎದುರಿನ ಧ್ವಜವನ್ನು ಅವಸರದಿಂದ ಓದಿ ಒಳಹೋಗುವ ದಾರಿಯು ಇನ್ನೂ ತೆರೆದೇ ಇದೆಯೆಂಬುದನ್ನು, ಸಾಕು ಎಂದು ಬರೆದಿದ್ದವರಲ್ಲಿ ಒಬ್ಬನೇ ಎದ್ದು ಹಲಗೆಯ ಬಳಿಗೆ ಹೋಗಿ ತೋರಿಸಿದನು.